ಮನೆ ಹಿತ್ತಿಲಿಗೆ ಒಂದು ಲೋಡು ಗೊಬ್ಬರ: ಕಾಸರಗೋಡು ಕಡೆ ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಮನೆ ಬದಿಯಡ್ಕದಿಂದ ಪೆರ್ಲಕ್ಕೆ ಹೋಗುವ ದಾರಿಯಲ್ಲಿ, ಒಂದು ಗುಡ್ಡೆಯ ಓರೆಯಲ್ಲಿದೆ. ಜಾಗ 15 ಸೆಂಟ್ಸ್. ಮನೆ ಕಟ್ಟುವಾಗ ಜೆಸಿಬಿ ಬಂದು ಗುಡ್ಡೆಯನ್ನು ತಟ್ಟು ಮಾಡಿತು. ಮೇಲಿದ್ದ ಒಳ್ಳೆಯ ಮಣ್ಣೆಲ್ಲ ಕೆಳಗಿನ ಬರೆಗೆ ಬಿತ್ತು. ನಮಗೆ ಉಳಿದದ್ದು ಕೆಂಪು ಮುರ, ಅಂದರೆ ಜಂಬಿಟ್ಟಿಗೆ ಕಲ್ಲು. ಹಾರೆ ಹಾಕಿದರೆ ಟಣ್ ಅನ್ನುತ್ತಿತ್ತು. ಅಲ್ಲಿಂದ ಇಲ್ಲಿವರೆಗೆ ನಾಲ್ಕು ಸಲ ಗೊಬ್ಬರದ ಲೋಡು ತರಿಸಿದ್ದೇವೆ. ಮೊದಲನೆಯದು ಪೂರಾ ದಂಡ. ಈಗ ಹೊಸ ಮನೆ ಕಟ್ಟಿದವರು, ಹಿತ್ತಿಲಲ್ಲಿ ನಾಲ್ಕು ಬೆಂಡೆಗಿಡ ಬೇಕು ಅನ್ನುವವರು ಬಂದು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ಅವನ್ನು ಇಲ್ಲಿ ಬರೆದಿಟ್ಟಿದ್ದೇನೆ.

ಎಷ್ಟು ಗೊಬ್ಬರ ಬೇಕು?

ಫೋನ್ ಎತ್ತುವ ಮೊದಲು ಟೇಪ್ ಹಿಡಿಯಿರಿ. ಹೆಚ್ಚಿನವರು ಇದನ್ನು ಮಾಡುವುದಿಲ್ಲ. "ಒಂದು ಲೋಡು ಕಳಿಸಿ" ಅಂದುಬಿಡುತ್ತಾರೆ. ಆಮೇಲೆ ಒಂದೋ ಜಾಸ್ತಿ, ಇಲ್ಲವೋ ಕಡಿಮೆ.

ಲೆಕ್ಕ ಸುಲಭ. ಗೊಬ್ಬರ ಹಾಕುವ ಜಾಗದ ಉದ್ದ ಮತ್ತು ಅಗಲವನ್ನು ಅಡಿಯಲ್ಲಿ ಅಳೆದು ಗುಣಿಸಿ. ಎಷ್ಟು ಇಂಚು ದಪ್ಪ ಬೇಕೋ ಅದರಿಂದ ಗುಣಿಸಿ 12ರಿಂದ ಭಾಗಿಸಿ. ಬಂದದ್ದು ಘನ ಅಡಿ. 20 ಅಡಿ ಉದ್ದ, 10 ಅಡಿ ಅಗಲದ ತರಕಾರಿ ಸಾಲಿಗೆ 2 ಇಂಚು ದಪ್ಪ ಅಂದರೆ ಸುಮಾರು 33 ಘನ ಅಡಿ. ಒಂದು ಸೆಂಟ್ಸ್ ಅಂದರೆ 435 ಚದರ ಅಡಿಗೆ ಸ್ವಲ್ಪ ಮೇಲೆ. ಹಾಗಾಗಿ ಒಂದು ಸೆಂಟ್ಸಿಗೆ ಒಂದು ಇಂಚು ಹಾಕಲು 36 ಘನ ಅಡಿ ಬೇಕು. ಈ 36 ಎಂಬ ಸಂಖ್ಯೆ ನೆನಪಿಟ್ಟರೆ ಉಳಿದದ್ದೆಲ್ಲ ಬಾಯಿಲೆಕ್ಕ.

ದಪ್ಪ ಎಷ್ಟು ಎಂಬುದರಲ್ಲಿ ಎಲ್ಲರೂ ತಪ್ಪುತ್ತಾರೆ. ಜೆಸಿಬಿ ಹೆರೆದು ಹೋದ ಜಾಗಕ್ಕೆ ಮೊದಲ ವರ್ಷ 2 ಇಂಚು, ತೀರಾ ಬರಡಾದರೆ 3 ಇಂಚು. ಆದರೆ ಮೊದಲಿನಿಂದಲೂ ತರಕಾರಿ ಬೆಳೆಯುತ್ತಿದ್ದ ಹಿತ್ತಿಲಿಗೆ ಅಷ್ಟು ಬೇಡವೇ ಬೇಡ. ತರಕಾರಿಗೆ ಸಾಮಾನ್ಯವಾಗಿ ಹೇಳುವ ಪ್ರಮಾಣ ಹೆಕ್ಟೇರಿಗೆ 20ರಿಂದ 25 ಟನ್ ಹಟ್ಟಿಗೊಬ್ಬರ. ಕೇಳಲು ದೊಡ್ಡದು. ಸೆಂಟ್ಸಿಗೆ ಇಳಿಸಿದರೆ 80ರಿಂದ 100 ಕಿಲೋ, ಅಂದರೆ ಐದಾರು ಬುಟ್ಟಿ. ಹರಡಿದರೆ ಕಾಲು ಇಂಚೂ ಆಗುವುದಿಲ್ಲ! ಹಳೇ ಹಿತ್ತಿಲಿರುವ ಎಷ್ಟೋ ಮನೆಯವರಿಗೆ ಲೋಡಿನ ಅಗತ್ಯವೇ ಇಲ್ಲ. ಹತ್ತು ಗೋಣಿ ಸಾಕು. ಇದನ್ನು ಹೇಳಿದರೆ ಯಾಕೋ ಅವರ ಮುಖ ಸಪ್ಪಗಾಗುತ್ತದೆ.

ಒಂದು ಲೋಡು ಅಂದರೆ ಎಷ್ಟು?

ಗಾಡಿಯವರು ಎಷ್ಟು ಅನ್ನುತ್ತಾರೋ ಅಷ್ಟು. ತಮಾಷೆಯಲ್ಲ. ಟಿಪ್ಪರಿನವರು ಯೂನಿಟ್ ಲೆಕ್ಕ ಹೇಳುತ್ತಾರೆ. ಒಂದು ಯೂನಿಟ್ ಅಂದರೆ 100 ಘನ ಅಡಿ. ಪಿಕಪ್‌ನವರು ಲೋಡು ಅನ್ನುತ್ತಾರೆ. ಗೋಣಿಯಲ್ಲಿ ತರುವವರು ಕಿಲೋ ಅನ್ನುತ್ತಾರೆ. ಮೂರನ್ನೂ ಘನ ಅಡಿಗೆ ತಂದು ನೋಡಿದರೆ ಮಾತ್ರ ಯಾರದ್ದು ಅಗ್ಗ ಅಂತ ಗೊತ್ತಾಗುತ್ತದೆ.

ಗಾಡಿ ಬಂದಾಗ ಅದರ ತೊಟ್ಟಿಯನ್ನೇ ಅಳೆಯಿರಿ. 8 ಅಡಿ ಉದ್ದ, 5 ಅಡಿ ಅಗಲ, ಗೊಬ್ಬರ 2 ಅಡಿ ಎತ್ತರ ಇದ್ದರೆ 80 ಘನ ಅಡಿ. ಅಳೆಯಲು ನಾಚಿಕೆ ಬೇಡ. ಚೆನ್ನಾಗಿ ಹಣ್ಣಾದ, ಹದವಾಗಿ ಒಣಗಿದ ಕಂಪೋಸ್ಟ್ ಒಂದು ಘನ ಅಡಿಗೆ 15ರಿಂದ 20 ಕಿಲೋ ತೂಗುತ್ತದೆ. ಅದಕ್ಕಿಂತ ತುಂಬಾ ಭಾರ ಇದ್ದರೆ ಒಳಗೆ ನೀರಿದೆ, ಇಲ್ಲವೇ ಮಣ್ಣು ಬೆರೆತಿದೆ. ಕಿಲೋ ಲೆಕ್ಕದಲ್ಲಿ ಕೊಳ್ಳುವವರು ಇದನ್ನು ವಿಶೇಷವಾಗಿ ನೋಡಬೇಕು. ಅರ್ಧ ನೀರೇ ಇರುವ 50 ಕಿಲೋ ಗೋಣಿಯಲ್ಲಿ ನೀವು 25 ಕಿಲೋ ನೀರಿಗೆ ದುಡ್ಡು ಕೊಟ್ಟಂತೆ. ನಗರ ಕಸದ ಕಂಪೋಸ್ಟಿಗೆ 1985ರ ರಸಗೊಬ್ಬರ ನಿಯಂತ್ರಣ ಆದೇಶದಲ್ಲಿ ತೇವಾಂಶ 15ರಿಂದ 25 ಶೇಕಡಾ ಎಂಬ ಮಿತಿ ಇದೆ. ಹಿಡಿ ಗೊಬ್ಬರ ಹಿಂಡಿದಾಗ ನೀರು ತೊಟ್ಟಿಕ್ಕಿದರೆ ಆ ಮಿತಿ ಎಂದೋ ದಾಟಿದೆ.

ಯಾವ ತಿಂಗಳಲ್ಲಿ ತರಿಸಿದರೆ ಒಳ್ಳೆಯದು?

ಎರಡು ಹೊತ್ತು ಇದೆ. ಮಳೆ ಬಿಟ್ಟ ಮೇಲೆ, ಅಕ್ಟೋಬರ್ ಕೊನೆಯಿಂದ ನವೆಂಬರ್‌ವರೆಗೆ ಒಂದು. ಬೇಸಗೆಯ ತರಕಾರಿಗೆ ಇದೇ ಸರಿ. ಇನ್ನೊಂದು ಏಪ್ರಿಲ್‌ನಿಂದ ಮೇ ನಡುವಿನವರೆಗೆ. ಯಕ್ಷಗಾನ ಮೇಳಗಳು ತಿರುಗಾಟ ಮುಗಿಸುವ ಪತ್ತನಾಜೆ ಬರುವುದು ಮೇ 24ರ ಆಸುಪಾಸು. ಮೇಳಗಳು ಗೆಜ್ಜೆ ಬಿಚ್ಚುವ ಮೊದಲೇ ನಿಮ್ಮ ಗೊಬ್ಬರ ಮಣ್ಣಿನೊಳಗೆ ಸೇರಿರಬೇಕು. ರಾಶಿಯಾಗಿ ಬಂದಿದ್ದರೆ ಸಾಲದು, ಸೇರಿರಬೇಕು.

ನಮ್ಮ ಮೊದಲ ಲೋಡು ಬಂದದ್ದು ಮೇ ತಿಂಗಳ ಕೊನೆಗೆ. ಗಾಡಿಯವನು ಎರಡು ವಾರದಿಂದ ನಾಳೆ ನಾಳೆ ಅನ್ನುತ್ತಿದ್ದ. ಬಂದ ದಿನ ಸಂಜೆ ಆರು ಗಂಟೆ. ಏರು ನೋಡಿ, "ಅಣ್ಣ, ಮೇಲೆ ಹತ್ತುವುದಿಲ್ಲ, ಇಲ್ಲೇ ಹಾಕ್ತೇನೆ" ಅಂದ. ಗೇಟಿನ ಬುಡದಲ್ಲಿ ಸುರಿದು ಹೋದ. ನಾಳೆ ಬೆಳಿಗ್ಗೆ ಹೊತ್ತರಾಯಿತು ಅಂತ ನಾವೂ ಮಲಗಿದೆವು. ರಾತ್ರಿ ಒಂದು ಗಂಟೆಗೆ ಗುಡುಗು. ಟಾರ್ಪಾಲು ಹುಡುಕಿ ತರುವಷ್ಟರಲ್ಲಿ ರಾಶಿಯ ಒಂದು ಬದಿ ಕುಸಿದು ಕಾಫಿ ಕಷಾಯದಂತಹ ನೀರು ಕಣಿಯಲ್ಲಿ ಇಳಿಯುತ್ತಿತ್ತು. ಬೆಳಿಗ್ಗೆ ನೋಡಿದರೆ ಕೆಳಗಿನ ಮನೆಯ ಅಂಗಳದ ತುದಿಯವರೆಗೂ ಕಪ್ಪು ಗೀರು. ಆ ಮನೆಯ ಅಕ್ಕ ಬೈಯಲಿಲ್ಲ. "ನಮ್ಮ ಬಾಳೆಗೆ ಬಂತು ಬಿಡಿ" ಅಂದರು. ಆ ವರ್ಷ ಅವರ ಬಾಳೆಗೊನೆ ನೋಡುವ ಹಾಗಿತ್ತು.

ಆಟಿಯಲ್ಲಿ, ಅಂದರೆ ಜುಲೈ-ಆಗಸ್ಟಿನ ಜೋರು ಮಳೆಯಲ್ಲಿ, ತರಿಸುವ ಯೋಚನೆಯೇ ಬೇಡ.

ಯಾವ ಗೊಬ್ಬರ ಒಳ್ಳೆಯದು? ಹಟ್ಟಿಗೊಬ್ಬರವಾ, ಕುರಿಗೊಬ್ಬರವಾ, ಕೋಳಿಗೊಬ್ಬರವಾ?

ಸೊಪ್ಪು ಹಾಸಿದ ಹಟ್ಟಿಯ ಹಳೇ ಗೊಬ್ಬರ ಸಿಕ್ಕರೆ ಬೇರೆ ಯೋಚನೆ ಬೇಡ. ಅದರಲ್ಲಿ ಸೊಪ್ಪು, ತರಗೆಲೆ ಎಲ್ಲ ಕೊಳೆತು ಸೇರಿರುತ್ತದೆ. ಮುರಮಣ್ಣಿಗೆ ಬೇಕಾದದ್ದು ಅದೇ. ಆದರೆ ಹಟ್ಟಿಗಳೇ ಕಡಿಮೆಯಾದವು. ಕಾಸರಗೋಡು ಗಿಡ್ಡ ತಳಿಯ ದನ ಸಾಕುವವರು ಅಲ್ಲೊಬ್ಬರು ಇಲ್ಲೊಬ್ಬರು. ಇದ್ದವರೂ ಗೊಬ್ಬರವನ್ನು ಸ್ವಂತ ತೋಟಕ್ಕೇ ಹಾಕುತ್ತಾರೆ, ಮಾರುವುದಿಲ್ಲ.

ಕುರಿಗೊಬ್ಬರ ಘಟ್ಟದ ಮೇಲಿನಿಂದ ಬರುತ್ತದೆ. ಸತ್ವ ಚೆನ್ನಾಗಿದೆ, ಆದರೆ ಹಿಕ್ಕೆ ಗಟ್ಟಿ. ಒಡೆದು ಮಣ್ಣಿಗೆ ಸೇರಲು ಸಮಯ ಬೇಕು. ಬಯಲುಸೀಮೆಯ ಕಳೆಬೀಜವೂ ಜೊತೆಗೆ ಬರುವುದುಂಟು. ಕೋಳಿಗೊಬ್ಬರ ಹಸಿಯಾಗಿದ್ದರೆ ಉರಿ. ಕಣ್ಣಿಗೂ ಉರಿ, ಬೇರಿಗೂ ಉರಿ. ಮನೆ ಹತ್ತಿರ ನೊಣ. ಕೋಳಿಗೊಬ್ಬರದ್ದೇ ಲೋಡು ಬೇಕಿದ್ದರೆ ತರಗೆಲೆ, ತೆಂಗಿನನಾರಿನ ಪುಡಿ ಬೆರೆಸಿ ಎರಡು ಮೂರು ತಿಂಗಳು ಕೊಳೆಯಲು ಬಿಡಬೇಕು. ಅಷ್ಟು ತಾಳ್ಮೆ ಇಲ್ಲದಿದ್ದರೆ ತರಬೇಡಿ.

ನಗರದ ಕಸದ ಕಂಪೋಸ್ಟ್ ಅಗ್ಗ. ಹೂಗಿಡಕ್ಕೆ ಅಡ್ಡಿಯಿಲ್ಲ. ಗಾಜಿನ ಚೂರು, ಪ್ಲಾಸ್ಟಿಕ್ ಇದೆಯೋ ಅಂತ ಒಂದು ಬುಟ್ಟಿ ಜರಡಿ ಹಿಡಿದು ನೋಡಿ. ಮಕ್ಕಳು ಬರಿಗಾಲಲ್ಲಿ ಓಡಾಡುವ ಅಂಗಳಕ್ಕೆ ನಾನು ಹಾಕುವುದಿಲ್ಲ.

ಗೊಬ್ಬರ ಹಣ್ಣಾಗಿದೆಯೋ ಇಲ್ಲವೋ ಹೇಗೆ ತಿಳಿಯುವುದು?

ರಾಶಿಯೊಳಗೆ ಮೊಣಕೈವರೆಗೆ ಕೈ ಹಾಕಿ. ಬಿಸಿ ಹೊಡೆದರೆ ಇನ್ನೂ ಆಗಿಲ್ಲ. ಮೊದಲ ಮಳೆಗೆ ನೆಂದ ಮಣ್ಣಿನ ವಾಸನೆ ಬಂದರೆ ಆಗಿದೆ. ಮೂಗಿಗೆ ಚುರ್ ಅಂದರೆ, ಇಲ್ಲವೇ ಚರಂಡಿ ವಾಸನೆ ಬಂದರೆ ವಾಪಸ್ ಕಳಿಸಿ.

ಲೋಡು ಹೇಳುವ ಮೊದಲೇ ಒಂದು ಗೋಣಿ ತಂದು ಪರೀಕ್ಷೆ ಮಾಡುವುದು ಇನ್ನೂ ಒಳ್ಳೆಯದು. ಸ್ವಲ್ಪ ಗೊಬ್ಬರವನ್ನು ಒದ್ದೆ ಮಾಡಿ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಮೂರು ದಿನ ಇಡಿ. ಬಿಚ್ಚಿದಾಗ ಗಬ್ಬು ನಾರಿದರೆ ಹಸಿ. ಇನ್ನೊಂದು ಪರೀಕ್ಷೆಗೆ ಎರಡು ಚಟ್ಟಿ ಸಾಕು. ಒಂದರಲ್ಲಿ ಬರೀ ಮಣ್ಣು, ಇನ್ನೊಂದರಲ್ಲಿ ಮಣ್ಣು ಗೊಬ್ಬರ ಅರ್ಧಕ್ಕರ್ಧ. ಎರಡಕ್ಕೂ ಹತ್ತತ್ತು ಮುಳ್ಳುಸೌತೆ ಬೀಜ. ವಾರದೊಳಗೆ ಗೊತ್ತಾಗುತ್ತದೆ. ಗೊಬ್ಬರದ ಚಟ್ಟಿಯಲ್ಲಿ ಮೂರೋ ನಾಲ್ಕೋ ಮಾತ್ರ ಎದ್ದು, ಎಲೆಯಂಚು ಸುಟ್ಟಂತೆ ಕಂಡರೆ ಆ ಗೊಬ್ಬರ ಬೇಡ.

ಮಣ್ಣು ಪರೀಕ್ಷೆ ಮಾಡಿಸಲೇಬೇಕಾ? ಸುಣ್ಣ ಹಾಕಬೇಕಾ?

ಲೋಡಿಗೆ ಸಾವಿರಗಟ್ಟಲೆ ಖರ್ಚು ಮಾಡುವವರು ಮಣ್ಣು ಪರೀಕ್ಷೆಗೆ ಹಿಂದೆ ಮುಂದೆ ನೋಡುವುದು ನನಗೆ ಅರ್ಥವಾಗಿಲ್ಲ. ಹಿತ್ತಿಲಲ್ಲಿ ಎಂಟು ಹತ್ತು ಕಡೆ ಅರ್ಧ ಅಡಿ ಆಳಕ್ಕೆ ಅಗೆದು, ಬದಿಯಿಂದ ತೆಳ್ಳಗೆ ಹೆರೆದು, ಬೆರೆಸಿ, ನೆರಳಲ್ಲಿ ಒಣಗಿಸಿ ಅರ್ಧ ಕಿಲೋ ಕೊಟ್ಟರೆ ಆಯಿತು. ನಿಮ್ಮ ಪಂಚಾಯತಿನ ಕೃಷಿಭವನದಲ್ಲಿ ಕೇಳಿ. ಕಾಸರಗೋಡಿನ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ, ನಮ್ಮ ಬಾಯಲ್ಲಿ ಸಿಪಿಸಿಆರ್‌ಐ, ಅಲ್ಲೇ ಕೃಷಿ ವಿಜ್ಞಾನ ಕೇಂದ್ರವೂ ಇದೆ. 1916ರಲ್ಲಿ ತೆಂಗಿನ ಸಂಶೋಧನಾ ಕೇಂದ್ರವಾಗಿ ಶುರುವಾದ ಜಾಗ ಅದು.

ನಮ್ಮ ಕಡೆ ಸುರಿಯುವ ಮಳೆಗೆ ಮಣ್ಣಿನ ಸುಣ್ಣದಂಶವೆಲ್ಲ ತೊಳೆದು ಹೋಗಿ ಹುಳಿ ಉಳಿಯುತ್ತದೆ. ತರಕಾರಿ ಸಾಲಿಗೆ ಸೆಂಟ್ಸಿಗೆ 2ರಿಂದ 3 ಕಿಲೋ ಸುಣ್ಣ ಅಥವಾ ಡೊಲೊಮೈಟ್ ಹಾಕುವುದು ರೂಢಿ. ಪರೀಕ್ಷೆಯ ಚೀಟಿಯಲ್ಲಿ ಬೇರೆ ಪ್ರಮಾಣ ಇದ್ದರೆ ಅದನ್ನೇ ಹಿಡಿಯಿರಿ. ಸುಣ್ಣ ಮೊದಲು. ಎರಡು ವಾರ ಬಿಟ್ಟು ಗೊಬ್ಬರ. ಎರಡನ್ನೂ ಒಟ್ಟಿಗೆ ಬೆರೆಸಿದರೆ ಸಾರಜನಕ ಗಾಳಿಗೆ ಹೋಗುತ್ತದೆ. ಅಂದರೆ ಲೋಡು ಬರುವ ದಿನ ಗೊತ್ತಾದ ಕೂಡಲೇ ಸುಣ್ಣದ ದಿನವನ್ನೂ ಕ್ಯಾಲೆಂಡರಿನಲ್ಲಿ ಗುರುತು ಹಾಕಬೇಕು.

ಗಾಡಿ ಮನೆವರೆಗೆ ಬರುತ್ತದೋ ಇಲ್ಲವೋ?

ಒಮ್ಮೆ ಗಾಡಿಯವರನ್ನೇ ಬೈಕಿನಲ್ಲಿ ಬಂದು ದಾರಿ ನೋಡಿ ಹೋಗಲು ಹೇಳಿ. ಏರು ಎಷ್ಟು, ತಿರುಗಿಸಲು ಜಾಗ ಎಲ್ಲಿ, ಅಡ್ಡ ಬರುವ ಕರೆಂಟಿನ ತಂತಿ ಎಷ್ಟು ಎತ್ತರ. ಟಿಪ್ಪರ್ ತೊಟ್ಟಿ ಎತ್ತಿದಾಗ ಅದು ಗಾಡಿಗಿಂತ ಎಷ್ಟೋ ಮೇಲೆ ಹೋಗುತ್ತದೆ, ಈ ತಂತಿಯ ವಿಷಯ ಯಾರಿಗೂ ನೆನಪಾಗುವುದಿಲ್ಲ. ಮಣ್ಣಿನೊಳಗೆ ಮುಚ್ಚಿಹೋದ ಶೌಚದ ಗುಂಡಿಯ ಸ್ಲ್ಯಾಬ್ ಎಲ್ಲಿದೆ ಅಂತ ಮನೆಯ ಹಿರಿಯರನ್ನು ಕೇಳಿ, ಅದರ ಸುತ್ತ ನಾಲ್ಕು ಕೋಲು ನೆಡಿ. ದೊಡ್ಡ ಗಾಡಿ ಒಮ್ಮೆ ಬರುವುದಕ್ಕಿಂತ ಪಿಕಪ್ ಎರಡು ಸಲ ಬರುವುದೇ ನಮ್ಮ ಗುಡ್ಡೆಗಳಿಗೆ ಲಾಯಕ್ಕು. ಎರಡನೇ ಟ್ರಿಪ್ಪಿಗೆ ಮೊದಲು ಗೊಬ್ಬರ ನೋಡಿ ಬೇಡ ಅನ್ನುವ ಅವಕಾಶವೂ ಉಳಿಯುತ್ತದೆ.

ರಾಶಿ ಎಲ್ಲಿ ಹಾಕಿಸಬೇಕು?

ಬಾವಿಯಿಂದ ದೂರ. ಕಡಿಮೆ ಅಂದರೂ 25 ಅಡಿ, ಅದೂ ಬಾವಿಗಿಂತ ಕೆಳಗಿನ ಬದಿಗೆ. ಮುರಕಲ್ಲು ನೋಡಲು ಗಟ್ಟಿ, ಆದರೆ ಅದರ ತುಂಬ ತೂತು. ಗೊಬ್ಬರದ ರಸ ಇಳಿದರೆ ಎಲ್ಲಿ ಹೊರಡುತ್ತದೆ ಅಂತ ಹೇಳಲಾಗದು. ಎಣ್ಮಕಜೆ, ಬಾಯಾರು ಕಡೆ ಸುರಂಗದ ನೀರು ಕುಡಿಯುವ ಮನೆಗಳಿವೆ. ಸುರಂಗ ಗುಡ್ಡೆಯ ಒಳಗೆ ಯಾವ ಕಡೆ ಹೋಗಿದೆ ಅಂತ ನೋಡಿ, ಅದರ ನೆತ್ತಿಯ ಮೇಲೆ ರಾಶಿ ಬೇಡ.

ಸ್ವಲ್ಪ ಎತ್ತರದ, ನೀರು ನಿಲ್ಲದ ಜಾಗ ನೋಡಿ. ಅಡಿಗೆ ತೆಂಗಿನ ಸೋಗೆ ಹಾಸಿ. ಮೇಲೆ ಟಾರ್ಪಾಲು ಎಳೆದು ಕಲ್ಲು ಇಡಿ. ಟಾರ್ಪಾಲಿನ ಮಡಿಕೆಯಲ್ಲಿ ನೀರು ನಿಂತರೆ ಸೊಳ್ಳೆ, ಆಮೇಲೆ ಡೆಂಗಿ. ಎರಡು ದಿನಕ್ಕೊಮ್ಮೆ ಕೊಡವಿ. ಪಂಚಾಯತ್ ರಸ್ತೆಯ ಮೇಲೆ ಹಾಕಿಸಬೇಡಿ. ನೆರೆಮನೆಯವರಿಗೆ ಹಿಂದಿನ ದಿನವೇ ಒಂದು ಮಾತು ಹೇಳಿಬಿಡಿ.

ಇಳಿಸುವ ಕೆಲಸ ಯಾರದು? ಎಷ್ಟು ಹೊತ್ತು ಬೇಕು?

ಮಾತಾಡುವಾಗಲೇ ಇತ್ಯರ್ಥ ಮಾಡಿಕೊಳ್ಳಿ. ಇಳಿಸುವ ಕೂಲಿ ಬಾಡಿಗೆಯಲ್ಲಿ ಸೇರಿದೆಯೋ ಬೇರೆಯೋ. ಕೆಲಸ ಮಾಡದೆ ನಿಂತು ನೋಡಿದ್ದಕ್ಕೆ ಕೇಳುವ ನೋಕ್ಕುಕೂಲಿಯನ್ನು ಕೇರಳದಲ್ಲಿ 2018ರ ಮೇ 1ರಿಂದ ನಿಷೇಧಿಸಿದ್ದಾರೆ.

ಒಂದು ಯೂನಿಟ್ ಗೊಬ್ಬರ ಅಂದರೆ ಒಂದೂವರೆಯಿಂದ ಎರಡು ಟನ್. ಬುಟ್ಟಿಯಲ್ಲಿ 17–18 ಕಿಲೋ ಹಿಡಿದರೆ ಸುಮಾರು ನೂರು ಬುಟ್ಟಿ. ಏರು ಇದ್ದರೆ ಆ ನೂರು ಇನ್ನೂರರಂತೆ ಕಾಣುತ್ತದೆ. ನಾವು ಇಬ್ಬರು ಎರಡು ಬೆಳಿಗ್ಗೆ ಹೊತ್ತೆವು. ಮೂರನೇ ದಿನ ನನಗೆ ಲೋಟ ಎತ್ತಲೂ ಭುಜ ಬರಲಿಲ್ಲ. ಕಾಲಲ್ಲಿ ಗಾಯ ಇದ್ದವರು ಒದ್ದೆ ಗೊಬ್ಬರ ತುಳಿಯಬಾರದು. ಇಲಿಜ್ವರದ ಭಯ ಮಳೆಗಾಲದಲ್ಲಿ ಸುಮ್ನೆ ಹೇಳುವ ಮಾತಲ್ಲ. ಬೂಟು, ಕೈಗವಸು ಹಾಕಿ.

ರಾಶಿ ಎಷ್ಟು ದಿನ ಇಡಬಹುದು?

ಮುಚ್ಚಿಟ್ಟರೆ ಎರಡು ತಿಂಗಳು ತೊಂದರೆ ಇಲ್ಲ. ತೆಂಗಿರುವ ಮನೆಯಲ್ಲಿ ಅದಕ್ಕಿಂತ ಜಾಸ್ತಿ ಅಲ್ಲಾಡಿಸದೆ ಬಿಟ್ಟರೆ ಕುರುವಾಯಿ ಹುಳಕ್ಕೆ ನೀವೇ ಬಾಣಂತಿಕೋಣೆ ಕಟ್ಟಿಕೊಟ್ಟಂತೆ. ಅದು ಮೊಟ್ಟೆ ಇಡುವುದೇ ಕೊಳೆತ ಗೊಬ್ಬರದಲ್ಲಿ. ಹೆಬ್ಬೆರಳು ಗಾತ್ರದ ಬಿಳಿ ಹುಳ, ಕಂದು ತಲೆ, ಇಂಗ್ಲಿಷಿನ ಸಿ ಅಕ್ಷರದ ಹಾಗೆ ಬಾಗಿ ಮಲಗಿರುತ್ತದೆ. ತಿಂಗಳುಗಟ್ಟಲೆ ಅಲ್ಲೇ ಬೆಳೆದು, ರೆಕ್ಕೆ ಬಂದು, ನಿಮ್ಮ ತೆಂಗಿನ ಸುಳಿಗೇ ಹೋಗುತ್ತದೆ. ಆಮೇಲೆ ಬಿಚ್ಚಿದ ಸೋಗೆ ಕತ್ತರಿಯಲ್ಲಿ ಕತ್ತರಿಸಿದಂತೆ ಕಾಣುತ್ತದೆ.

ಹದಿನೈದು ದಿನಕ್ಕೊಮ್ಮೆ ರಾಶಿ ಮಗುಚಿ. ಹುಳ ಸಿಕ್ಕರೆ ಕೋಳಿಗೆ ಹಾಕಿ. ಹುಳ ಜಾಸ್ತಿಯಿದ್ದರೆ ಮೆಟಾರೈಜಿಯಂ ಎಂಬ ಹಸಿರು ಶಿಲೀಂಧ್ರವನ್ನು ರಾಶಿಗೆ ಬೆರೆಸುವ ಕ್ರಮ ಇದೆ. ಮಗುಚುವ ಮೊದಲು ಹಾರೆಯ ಹಿಡಿಯಿಂದ ನಾಲ್ಕು ಸಲ ಬಡಿಯಿರಿ. ಬೆಚ್ಚಗಿನ ರಾಶಿ ಹಾವಿಗೂ ಇಷ್ಟ. ನಮ್ಮಲ್ಲಿ ಎದ್ದದ್ದು ಕೇರೆ ಹಾವು, ಪುಣ್ಯಕ್ಕೆ.

ಮುರಕಲ್ಲಿನ ಮೇಲೆ ಸುಮ್ನೆ ಹರಡಿದರೆ ಆಗುವುದಿಲ್ವಾ?

ಇಲ್ಲ. ಕಲ್ಲಿನ ಮೇಲೆ ಗೊಬ್ಬರ ಹಾಕಿದರೆ ಜೂನಿನಲ್ಲಿ ತೊಳೆದು ಹೋಗುತ್ತದೆ, ಮಾರ್ಚಿನಲ್ಲಿ ಒಣಗಿ ಹಾರುತ್ತದೆ. ಮೊದಲ ಮಳೆ ಬಿದ್ದು ಮುರ ಸ್ವಲ್ಪ ಮೆತ್ತಗಾದಾಗ ಪಿಕ್ಕಾಸಿನಲ್ಲಿ ಅರ್ಧ ಅಡಿಯಾದರೂ ಸಡಿಲ ಮಾಡಿ. ಎರಡು ಪಾಲು ಮಣ್ಣಿಗೆ ಒಂದು ಪಾಲು ಗೊಬ್ಬರ ಬೆರೆಸಿ ತುಂಬಿ. ತೀರಾ ಗಟ್ಟಿ ಇದ್ದಲ್ಲಿ ಸಾಲು ತೋಡಿ, ಅಡಿಗೆ ತೆಂಗಿನ ಸಿಪ್ಪೆಯನ್ನು ಒಳಮೈ ಮೇಲೆ ಬರುವಂತೆ ಜೋಡಿಸಿ. ಒಂದೊಂದು ಸಿಪ್ಪೆಯೂ ಬಟ್ಟಲಿನಂತೆ ನೀರು ಹಿಡಿಯುತ್ತದೆ. ಐದಾರು ವರ್ಷ ಅದರ ಉಪಯೋಗ ಇರುತ್ತದೆ. ಹಾಕಿದ ಮೇಲೆ ತರಗೆಲೆ ಮುಚ್ಚಿಗೆ ಬೇಕೇ ಬೇಕು. ನಮ್ಮ ಮೊದಲ ಬಸಳೆ ಚಪ್ಪರ ಎದ್ದದ್ದು ಇಂಥ ಒಂದು ಸಾಲಿನ ಮೇಲೆ.

ಇದೇ ಮುರದಲ್ಲಿ ತೆಂಗಿನ ಗುಂಡಿ ತೋಡುವವರು ಗುಂಡಿಗೆ 2 ಕಿಲೋ ಉಪ್ಪು ಹಾಕಿ ಆರು ತಿಂಗಳು ಬಿಡುವುದುಂಟು, ಕಲ್ಲು ಮೆತ್ತಗಾಗಲಿ ಅಂತ. ಅದನ್ನು ನೋಡಿ ತರಕಾರಿ ಸಾಲಿಗೂ ಉಪ್ಪು ಹಾಕಿದವರಿದ್ದಾರೆ. ಹಾಗೆ ಮಾಡಬೇಡಿ.

ನಮ್ಮದು ಕುಂಬಳೆ ಬದಿ, ಬರೀ ಮರಳು. ನಮಗೂ ಇದೇ ಲೆಕ್ಕವಾ?

ನಿಮಗೆ ಅಗೆಯುವ ಕಷ್ಟ ಇಲ್ಲ, ಹಿಡಿದಿಡುವ ಕಷ್ಟ. ಮರಳಲ್ಲಿ ಗೊಬ್ಬರ ಬೇಗ ಕರಗಿ ಕೆಳಗಿಳಿಯುತ್ತದೆ. ಒಂದೇ ಸಲ ದೊಡ್ಡ ಲೋಡು ದಂಡ. ಅಷ್ಟನ್ನೇ ಎರಡು ಮೂರು ಸಲ ಹಾಕಿ. ತೆಂಗಿನನಾರಿನ ಪುಡಿ ಕೊಳೆಸಿದ ಕಂಪೋಸ್ಟ್ ನಿಮಗೆ ಹೆಚ್ಚು ಹೊಂದುತ್ತದೆ, ನೀರು ಹಿಡಿಯುತ್ತದೆ.

ತೆಂಗು, ಅಡಕೆಗೂ ಇದೇ ಲೋಡಿನಿಂದ ಹಾಕಬಹುದಾ?

ಹಾಕಬಹುದು, ಲೆಕ್ಕದಲ್ಲಿ ಸೇರಿಸಿಕೊಳ್ಳಿ. ಫಲ ಬರುವ ತೆಂಗಿಗೆ ವರ್ಷಕ್ಕೆ 25 ಕಿಲೋಗೆ ಕಡಿಮೆಯಾಗದಂತೆ. ಅಡಕೆಗೆ 12 ಕಿಲೋ ಗೊಬ್ಬರ, ಅಷ್ಟೇ ತೂಕದ ಸೊಪ್ಪು. ತೆಂಗಿನ ಬುಡದಿಂದ ಸುತ್ತ ಆರು ಅಡಿವರೆಗೆ ಬಿಡಿಸಿ ಹಾಕಿ. ಕಾಂಡಕ್ಕೆ ತಾಗುವಂತೆ ಗುಡ್ಡೆ ಹಾಕಿದರೆ ಗೆದ್ದಲು ಏರುತ್ತದೆ.

ಗೊಬ್ಬರದ ಜೊತೆ ಬೇಡದ್ದೂ ಬರುತ್ತದಾ?

ಬರುತ್ತದೆ. ಭದ್ರಮುಷ್ಟಿಯ ಗಡ್ಡೆ ಒಂದು ಬಂದರೆ ಸಾಕು, ಹತ್ತು ವರ್ಷ ಕೀಳುತ್ತಿರಬಹುದು. ಅದಕ್ಕಿಂತ ಕೆಟ್ಟದ್ದು ಆಫ್ರಿಕನ್ ಬಸವನಹುಳು. ಮೊಟ್ಟೆ ಸಾಬಕ್ಕಿ ಹರಳಿನಂತೆ ಗೊಂಚಲಾಗಿ ಮಣ್ಣಲ್ಲಿರುತ್ತದೆ. ಅದು ಇರುವ ಊರಿನಿಂದ ಗೊಬ್ಬರವಾಗಲಿ ಮಣ್ಣಾಗಲಿ ತರಿಸಬೇಡಿ, ಎಷ್ಟೇ ಅಗ್ಗವಾದರೂ.

ಗೋಣಿಯ ಮೇಲೆ "ಸಾವಯವ" ಅಂತ ಇದ್ದರೆ ಸಾಕಲ್ವಾ?

ನಮ್ಮ ಊರಲ್ಲಿ ಈ ಪ್ರಶ್ನೆಯನ್ನು ಯಾರೂ ಹಗುರವಾಗಿ ಕೇಳುವುದಿಲ್ಲ. ಗೇರು ತೋಟಗಳ ಮೇಲೆ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿದದ್ದನ್ನು ಎಣ್ಮಕಜೆಯವರು ಮರೆತಿಲ್ಲ. ಅಕ್ಷರ ನೋಡಿ ನಂಬಬೇಡಿ. ಏನು ಕೊಳೆಸಿ ಮಾಡಿದ್ದು, ಎಲ್ಲಿ, ಎಷ್ಟು ತಿಂಗಳು ಅಂತ ಕೇಳಿ. ಮಾಡಿದವರಿಗೆ ಉತ್ತರ ಬಾಯಲ್ಲೇ ಇರುತ್ತದೆ. ಬಿಲ್ಲೂ ಕೇಳಿ ಪಡೆಯಿರಿ.

ಪ್ರತಿ ವರ್ಷ ತರಿಸಬೇಕಾ?

ನಾವು ನಾಲ್ಕನೇ ಲೋಡಿಗೆ ನಿಲ್ಲಿಸಿದೆವು. ಸೋಗೆ, ಹಾಳೆ, ತರಗೆಲೆ ಹಿತ್ತಿಲಲ್ಲೇ ಬೀಳುತ್ತದಲ್ಲ. ತೆಂಗಿನ ಸೋಗೆಗೆ ಸ್ವಲ್ಪ ಸೆಗಣಿ ಸೇರಿಸಿ ಎರೆಹುಳ ಬಿಟ್ಟರೆ ಮೂರು ತಿಂಗಳಲ್ಲಿ ಗೊಬ್ಬರ. ಸಿಪಿಸಿಆರ್‌ಐಯವರು ಸೋಗೆ ತಿನ್ನುವ ಎರೆಹುಳವನ್ನೇ ಗುರುತಿಸಿದ್ದಾರೆ. ಈಗ ಮನೆ ಹಿಂದೆ ಮೂರು ಉಂಗುರದ ತೊಟ್ಟಿ ಇದೆ. ಒಂದು ತುಂಬುವಾಗ ಇನ್ನೊಂದು ಹಣ್ಣಾಗುತ್ತದೆ, ಮೂರನೆಯದರಿಂದ ತೆಗೆಯುತ್ತೇವೆ. ಕಳೆದ ವರ್ಷ ಕೆಳಮನೆಯ ಅಕ್ಕ ಬಂದು ಎರಡು ಬುಟ್ಟಿ ಕೇಳಿದರು. "ಈ ಸಲ ಮಳೆಗೆ ಕಾಯಲಿಲ್ಲ ನೋಡಿ" ಅಂತ ನಕ್ಕರು.